ಹಳೆಯ ಸಮರದ ಮಾತು, ಹೊಸ ಕಾಲದ ತಾಳ

ರಾಗ, ತಾಳ, ಸಾಹಿತ್ಯ ಈ ಮೂರೂ ಕೂಡಿದಲ್ಲಿ ಸಂಗೀತವು ಸಿದ್ಧಿಸುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಸಾಹಿತ್ಯವನ್ನು ವಾಗ್ಗೇಯಕಾರನು ರಚಿಸುವನು, ಗಾಯಕನು ಅದನ್ನು ಹಾಡುವನು, ಸಭಿಕರು ತಲೆದೂಗುವರು. ಆದರೆ ಹಾಡಲೆಂದು ಬರೆಯದ, ಹಾಡುಗಾರನ ಬಾಯಿಂದ ಹೊರಡದ, ಎಂದೋ ಯಾರೋ ಬೇರೊಂದು ಪ್ರಯೋಜನಕ್ಕಾಗಿ ಆಡಿದ ಗದ್ಯದ ಮಾತನ್ನೇ ತಂದು ಸಾಹಿತ್ಯದ ಸ್ಥಾನದಲ್ಲಿ ಕುಳ್ಳಿರಿಸಿ, ಅದರ ಸುತ್ತಲೂ ವಾದ್ಯಗಳನ್ನು ಕಟ್ಟಿದರೆ ಅದು ಸಂಗೀತವಾದೀತೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟ ಒಂದು ಧ್ವನಿಮುದ್ರಿಕೆಯ ವಿಚಾರವನ್ನು ಈ ತಿಂಗಳು ವಾಚಕರಿಗೆ ನಿವೇದಿಸಬೇಕೆಂದಿರುವೆವು. ಆ ಮುದ್ರಿಕೆಯಲ್ಲಿ ಮಾತನಾಡುವವರೆಲ್ಲರೂ ಎರಡನೆಯ ಮಹಾಯುದ್ಧದ ಕಾಲದವರು. ವಾದ್ಯ ನುಡಿಸುವವರು ನಮ್ಮ ಕಾಲದವರು.

ಲಂಡನ್ ನಗರದಲ್ಲಿ 2009ರಲ್ಲಿ ಹುಟ್ಟಿದ ಒಂದು ವಾದ್ಯತಂಡಕ್ಕೆ 'ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್' ಎಂದು ಹೆಸರು. ಸಾರ್ವಜನಿಕ ಸೇವಾ ಪ್ರಸಾರ ಎಂದು ಅದರ ಅರ್ಥ. ಯಾವುದೋ ಸರ್ಕಾರಿ ಇಲಾಖೆಯ ಹೆಸರಿನಂತೆ ಕೇಳಿಸುವ ಈ ನಾಮಕರಣದಲ್ಲಿಯೇ ಒಂದು ವಿನೋದವಿರುವುದು. ತಂಡದವರ ಸ್ವಂತ ಹೆಸರುಗಳೂ ನಮ್ಮ ವಚನಕಾರರ, ದಾಸರ ಅಂಕಿತಗಳಂತೆ ತೊಟ್ಟುಕೊಂಡವುಗಳೇ. ಜೆ. ವಿಲ್‌ಗೂಸ್ ಎಂಬಾತನು ಗಿಟಾರು, ಬ್ಯಾಂಜೊ ಮತ್ತು ಧ್ವನಿಯಂತ್ರಗಳನ್ನು ನುಡಿಸುವನು. ರಿಗಲ್ಸ್‌ವರ್ತ್ ಎಂಬಾತನು ಮದ್ದಳೆಗಳ ಸಮೂಹವನ್ನು ಬಾರಿಸುವನು. ವಿಲ್‌ಗೂಸನು ರಂಗದ ಮೇಲೆ ಸಭಿಕರೊಡನೆ ಬಾಯಿಬಿಟ್ಟು ಮಾತನಾಡುವುದಿಲ್ಲವಂತೆ. 'ವಂದನೆಗಳು' ಎನ್ನಬೇಕಾದರೂ ಮೊದಲೇ ಯಂತ್ರದಲ್ಲಿ ತುಂಬಿಟ್ಟ ಕಂಠದಿಂದ ಹೇಳಿಸುವನು. ಈ ತಂಡವು 2012ನೆಯ ಇಸವಿಯ ಮೇ ತಿಂಗಳಲ್ಲಿ 'ದಿ ವಾರ್ ರೂಮ್', ಅಂದರೆ 'ಸಮರಮಂದಿರ' ಎಂಬ ಹೆಸರಿನ ಮುದ್ರಿಕೆಯನ್ನು ಹೊರತಂದಿತು. ಅದರಲ್ಲಿರುವುದು ಐದೇ ಕೃತಿಗಳು. ಮಾತುಗಳೆಲ್ಲವೂ ಯುದ್ಧಕಾಲದ ಚಲಚ್ಚಿತ್ರಗಳಿಂದ ಆಯ್ದುಕೊಂಡವು. ಆ ಚಿತ್ರಗಳನ್ನು ಕಾಪಾಡಿಟ್ಟಿದ್ದುದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರ. 1935ರಲ್ಲಿ ರಾಷ್ಟ್ರೀಯ ಚಿತ್ರಸಂಗ್ರಹವೆಂದು ಆರಂಭವಾದ ಆ ಭಂಡಾರವು ಇಲ್ಲದೆ ಹೋಗಿದ್ದರೆ ಈ ಸಂಗೀತಕ್ಕೆ ಆಧಾರವೇ ಇರುತ್ತಿರಲಿಲ್ಲ.

ಇದನ್ನು ಕಟ್ಟುವ ಬಗೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಹಳೆಯ ಚಿತ್ರದ ಧ್ವನಿಪಟ್ಟಿಯಿಂದ ಒಂದು ವಾಕ್ಯವನ್ನೋ, ಅರ್ಧ ವಾಕ್ಯವನ್ನೋ, ಕೆಲವೊಮ್ಮೆ ಒಂದೇ ಪದವನ್ನೋ ಕತ್ತರಿಸಿ ತೆಗೆಯುವರು. ಆ ತುಣುಕನ್ನು 'ಸ್ಯಾಂಪ್ಲರ್' ಎಂಬ ಯಂತ್ರದಲ್ಲಿ ತುಂಬಿ, ಹಾರ್ಮೋನಿಯಮ್ಮಿನ ಮನೆಯಂತಹ ಒಂದು ಗುಂಡಿಗೆ ಹೊಂದಿಸುವರು. ಗುಂಡಿಯನ್ನು ಒತ್ತಿದಾಗಲೆಲ್ಲ ಆ ಮಾತು ಹೊರಡುವುದು. ತಾಳದ ಯಾವ ಎಡೆಯಲ್ಲಿ ಅದನ್ನು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ಸಾರಿ ಮರಳಿಸಬೇಕು ಎಂಬುದರಲ್ಲಿ ಕುಶಲತೆಯಿರುವುದು. ಮಾತನಾಡಿದವನ ಕಂಠಕ್ಕೆ ತನ್ನದೇ ಆದ ಏರಿಳಿತವೂ ಶ್ರುತಿಯೂ ಇರುವುದಷ್ಟೆ; ಆ ಶ್ರುತಿಗೆ ವಾದ್ಯಗಳನ್ನು ಹೊಂದಿಸುವರೇ ಹೊರತು ವಾದ್ಯಗಳ ಶ್ರುತಿಗೆ ಸತ್ತವರ ಕಂಠವನ್ನು ಎಳೆಯುವುದು ಕಷ್ಟ.

ನಮ್ಮಂತಹ ಸಂಸ್ಕೃತ ಪಾಠಶಾಲೆಯವರಿಗೆ ಇದನ್ನು ಕೇಳಿದೊಡನೆ ನೆನಪಾಗುವುದು ಅವಧಾನದ ಸಮಸ್ಯಾಪೂರಣ. ಪೃಚ್ಛಕನು ನಾಲ್ಕನೆಯ ಪಾದವನ್ನು ಕೊಟ್ಟುಬಿಡುವನು; ಅದರ ಒಂದಕ್ಷರವನ್ನೂ ತಿದ್ದುವ ಅಧಿಕಾರ ಕವಿಗಿಲ್ಲ. ಉಳಿದ ಮೂರು ಪಾದಗಳನ್ನು ಕವಿಯು ಹೊಸೆದು, ಕೊಟ್ಟ ಪಾದವು ಮೊದಲಿಂದಲೂ ತನ್ನ ಪದ್ಯದ್ದೇ ಎನ್ನುವಂತೆ ಕೂರಿಸಬೇಕು. ಇಲ್ಲಿಯೂ ಹಾಗೆಯೇ. ಕರ್ಣಾಟಕ ಸಂಗೀತವನ್ನು ಕೇಳುವ ಮನೆಯವರಿಗೆ ನೆರವಲ್ ಇನ್ನೂ ಹತ್ತಿರದ ದೃಷ್ಟಾಂತವಾದೀತು: ಒಂದೇ ಸಾಲನ್ನು ಹಿಡಿದು, ಮಾತು ಬದಲಿಸದೆ, ಅರ್ಥವು ಬೇರೆಬೇರೆ ಬಣ್ಣ ತಾಳುವಂತೆ ಗಾಯಕನು ವಿಸ್ತರಿಸುವನಲ್ಲವೆ? ಯಂತ್ರವು ಮರಳಿ ಮರಳಿ ಒಂದೇ ಮಾತನ್ನು ಹೇಳುವಾಗ ನೆರವಲಿನ ಸೌಖ್ಯವು ಸಿಕ್ಕದು, ಏಕೆಂದರೆ ಕಂಠವು ಪ್ರತಿ ಸಾರಿಯೂ ಅದೇ. ಬದಲಾಗುವುದು ಅದರ ಕೆಳಗಿನ ವಾದ್ಯ ಮಾತ್ರ. ಇದೊಂದು ಕೊರತೆಯೆಂದೇ ನಮ್ಮ ಅಭಿಪ್ರಾಯ. ಆದರೆ ನಮ್ಮ ಸೋದರಳಿಯನು, "ಅದೇ ಅದರ ಸೊಗಸು, ಮಾವ" ಎಂದು ವಾದಿಸುವನು. ಮುದ್ರಿಕೆಯನ್ನು ನಮಗೆ ಕೇಳಿಸಿದವನೂ ಆತನೇ ಆದುದರಿಂದ ವಾದವನ್ನು ಅಲ್ಲಿಗೇ ಬಿಟ್ಟೆವು.

ಮೊದಲನೆಯ ಕೃತಿಯ ಹೆಸರು 'ಯುದ್ಧವು ಬಂದುದೇ ಆದರೆ'. 1939ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರತಂಡವು ಜನರಿಗೆ ಎಚ್ಚರಿಕೆ ಹೇಳಲು ಇದೇ ಹೆಸರಿನ ಕಿರುಚಿತ್ರವೊಂದನ್ನು ತೆಗೆದಿದ್ದಿತು. ಅಂಚೆ ಇಲಾಖೆಗೂ ಚಲಚ್ಚಿತ್ರಕ್ಕೂ ಏನು ನಂಟೆಂದು ಕೇಳಬಹುದು. ಆ ಕಾಲದಲ್ಲಿ ಆ ದೇಶದ ಶ್ರೇಷ್ಠ ಸಾಕ್ಷ್ಯಚಿತ್ರಗಳು ಹೊರಟದ್ದೇ ಆ ಇಲಾಖೆಯಿಂದ. ರಾತ್ರಿಯ ಟಪಾಲು ರೈಲನ್ನು ಕುರಿತ 1936ರ ಚಿತ್ರವು ಇಂದಿಗೂ ಪ್ರಸಿದ್ಧವಾಗಿರುವುದು, ಮತ್ತು ಈ ತಂಡದವರೇ ತಮ್ಮ ಮುಂದಿನ ಮುದ್ರಿಕೆಯಲ್ಲಿ ಅದನ್ನೂ ಬಳಸಿರುವರು. ಎಚ್ಚರಿಕೆಯ ಚಿತ್ರದಲ್ಲಿ ಹೇಳಿರುವುದೆಲ್ಲ ಗೃಹಕೃತ್ಯದ ಮಾತು: ಕಿಟಕಿಗಳಿಂದ ಬೆಳಕು ಹೊರಗೆ ಕಾಣದಂತೆ ಮುಚ್ಚಿರಿ, ವಿಷವಾಯುವಿನ ಮುಖವಾಡವನ್ನು ಜತೆಯಲ್ಲಿಟ್ಟುಕೊಳ್ಳಿರಿ, ಅಪಾಯದ ಕೂಗು ಕೇಳಿದೊಡನೆ ಆಶ್ರಯಕ್ಕೆ ಹೋಗಿರಿ. ಮನೆಯ ಹಿರಿಯನು ಮಕ್ಕಳಿಗೆ ಮಳೆಗಾಲದ ಬುದ್ಧಿ ಹೇಳುವ ಧಾಟಿಯಲ್ಲಿ ಅದನ್ನು ಹೇಳಿರುವುದರಿಂದಲೇ ಕೇಳುವವರಿಗೆ ಮೈ ನಡುಗುವುದು.

ಎರಡನೆಯದು 'ಲಂಡನ್ ತಾಳಿಕೊಳ್ಳಬಲ್ಲದು'. ನಮ್ಮ ಎಣಿಕೆಯಲ್ಲಿ ಮುದ್ರಿಕೆಯ ತಿರುಳು ಇದೇ. 1940ರ ಸೆಪ್ಟೆಂಬರ್ 7ರಿಂದ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಎಡೆಬಿಡದೆ 57 ರಾತ್ರಿ ಬಾಂಬು ಸುರಿಸಿದವು. ಆ ದಿನಗಳಲ್ಲಿಯೇ ಹಂಫ್ರಿ ಜೆನಿಂಗ್ಸ್ ಮತ್ತು ಹ್ಯಾರಿ ವಾಟ್ ಎಂಬ ಇಬ್ಬರು ನಿರ್ದೇಶಕರು ಸುಮಾರು ಹತ್ತು ನಿಮಿಷಗಳ ಚಿತ್ರವೊಂದನ್ನು ತೆಗೆದರು. ಸಂಜೆ ಜನರು ಚಾಪೆ ಹೊದಿಕೆಗಳನ್ನು ಹಿಡಿದು ಆಶ್ರಯಗಳಿಗೆ ಇಳಿಯುವುದು, ರಾತ್ರಿಯ ಬೆಂಕಿ, ಬೆಳಗಾಗುತ್ತಲೇ ಒಡೆದ ಗಾಜನ್ನು ಗುಡಿಸಿ ಅಂಗಡಿ ತೆರೆಯುವುದು, ಇಷ್ಟೇ ಅದರ ಕಥೆ. ಹಿನ್ನೆಲೆಯಲ್ಲಿ ಮಾತನಾಡುವವನು ಆಂಗ್ಲೇಯನಲ್ಲ; ಕ್ವೆಂಟಿನ್ ರೆನಾಲ್ಡ್ಸ್ ಎಂಬ ಅಮೆರಿಕದ ಪತ್ರಿಕಾ ಬಾತ್ಮೀದಾರ. ಅಮೆರಿಕವು ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆ ದೇಶದವರ ಮನಸ್ಸನ್ನು ಒಲಿಸಿಕೊಳ್ಳಬೇಕಾದರೆ ಅವರವನೇ ಒಬ್ಬನು ಸಾಕ್ಷಿ ನುಡಿಯಬೇಕೆಂದು ಚಿತ್ರ ತೆಗೆಸಿದವರು ಬಲ್ಲರು. ಧೃತರಾಷ್ಟ್ರನಿಗೆ ರಣರಂಗದ ವಾರ್ತೆಯನ್ನು ಸಂಜಯನು ಹೇಳಿದ ಹಾಗೆ, ಕಡಲಾಚೆ ಕುಳಿತು ಕಾಣಲಾರದವರಿಗೆ ರೆನಾಲ್ಡ್ಸನು ವರದಿ ಹೇಳಿದನು. ಸಂಜಯನಿಗೆ ದಿವ್ಯದೃಷ್ಟಿಯನ್ನು ಕೊಟ್ಟವರು ವ್ಯಾಸರು. ರೆನಾಲ್ಡ್ಸನಿಗೆ ಧ್ವನಿವರ್ಧಕವನ್ನು ಕೊಟ್ಟದ್ದು ಬ್ರಿಟನ್ನಿನ ವಾರ್ತಾ ಸಚಿವಾಲಯ. ಈ ಭೇದವನ್ನು ಮರೆಯಬಾರದು.

ಆತನ ಕಂಠವು ಮಂದ್ರದ್ದು, ಗಡುಸಾದುದು; ಅವಸರವೆಂಬುದೇ ಇಲ್ಲ. ವಿಲ್‌ಗೂಸನು ಆ ಕಂಠವನ್ನು ಮುಂದಿಟ್ಟು ವಾದ್ಯಗಳನ್ನು ಹಿಂದೆ ಕಾಯಿಸಿರುವನು. ಕೇಳುತ್ತ ಹೋದಂತೆ ತಾಳವು ಬೆಳೆಯುವುದು.

ಮೂರನೆಯದು 'ಸ್ಪಿಟ್‌ಫೈರ್'. ಯುವಕರು ಹೆಚ್ಚಾಗಿ ಮೆಚ್ಚಿರುವುದು ಇದನ್ನೇ. 1942ರಲ್ಲಿ ಲೆಸ್ಲಿ ಹೋವರ್ಡ್ ಎಂಬ ನಟನು ತಾನೇ ನಿರ್ದೇಶಿಸಿ ನಟಿಸಿದ 'ದಿ ಫಸ್ಟ್ ಆಫ್ ದಿ ಫ್ಯೂ' ಎಂಬ ಕಥಾಚಿತ್ರದಿಂದ ಇದರ ಮಾತುಗಳನ್ನು ಆಯ್ದುಕೊಂಡಿರುವರು. ಸ್ಪಿಟ್‌ಫೈರ್ ಯುದ್ಧವಿಮಾನವನ್ನು ರೂಪಿಸಿದ ಆರ್. ಜೆ. ಮಿಚೆಲ್ ಎಂಬ ಶಿಲ್ಪಿಯ ಜೀವನವೇ ಆ ಚಿತ್ರದ ವಸ್ತು. ಆತನು ಕಡಲಹಕ್ಕಿಗಳ ಹಾರಾಟವನ್ನು ನೋಡುತ್ತ ಅಂತಹ ವಿಮಾನವನ್ನು ಕನಸುವುದಾಗಿ ಅದರಲ್ಲಿ ತೋರಿಸಿದೆ. ವಿಮಾನವು ಮೊದಲು ಹಾರಿದುದು 1936ರ ಮಾರ್ಚ್ 5ರಂದು. ಮಿಚೆಲನು ಮರುವರ್ಷವೇ, ತನ್ನ 42ನೆಯ ವಯಸ್ಸಿನಲ್ಲಿ, ವ್ಯಾಧಿಯಿಂದ ತೀರಿಕೊಂಡನು. ತಾನು ರೂಪಿಸಿದ ವಿಮಾನವು ಯುದ್ಧದಲ್ಲಿ ಏನು ಮಾಡಿತೆಂಬುದನ್ನು ಕಾಣಲಿಲ್ಲ. ಆತನ ಪಾತ್ರ ವಹಿಸಿದ ಹೋವರ್ಡನಾದರೂ 1943ರ ಜೂನ್ 1ರಂದು ಲಿಸ್ಬನ್ನಿನಿಂದ ಬರುತ್ತಿದ್ದ ಪ್ರಯಾಣಿಕರ ವಿಮಾನವನ್ನು ಜರ್ಮನರು ಹೊಡೆದುರುಳಿಸಿದಾಗ ಮಡಿದನು. ಈ ಎರಡು ಸಾವುಗಳನ್ನು ತಿಳಿದು ಕೇಳಿದರೆ ಆ ಉಲ್ಲಾಸದ ವಾದನವು ಬೇರೆಯಾಗಿಯೇ ಕೇಳಿಸುವುದು. ಮತ್ತೊಂದು ಚಮತ್ಕಾರವನ್ನೂ ಹೇಳಬೇಕು. ಈ ಕೃತಿಯ ತಾಳವು, ಏರಿಳಿತವಿಲ್ಲದೆ ರೈಲುಗಾಡಿಯಂತೆ ಮುಂದೋಡುವ ಆ ನಡೆ, 1970ರ ದಶಕದ ಜರ್ಮನಿಯ ವಾದ್ಯತಂಡಗಳು ರೂಢಿಗೆ ತಂದುದು. ಬ್ರಿಟನ್ನಿನ ಹೆಮ್ಮೆಯ ವಿಮಾನವನ್ನು ಜರ್ಮನರ ತಾಳದ ಮೇಲೆ ಹಾರಿಸಿರುವರು!

ಸ್ಪಿಟ್‌ಫೈರಿನ ಹೆಸರು ಬಂದಾಗ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿರುವುದು. ಬ್ರಿಟನ್ನಿನ ವಾಯುಸೇನೆಯ 152ನೆಯ ದಳವು 1940ರಲ್ಲಿ ಸ್ಪಿಟ್‌ಫೈರುಗಳೊಡನೆ ದಕ್ಷಿಣ ಇಂಗ್ಲೆಂಡಿನ ವಾರ್ಮ್‌ವೆಲ್ ನೆಲೆಯಿಂದ ಹೋರಾಡಿತು. ಅದರ ಪೂರ್ಣನಾಮವು '152 (ಹೈದರಾಬಾದ್) ದಳ'. ಹೈದರಾಬಾದಿನ ನಿಜಾಮನು ಕೊಟ್ಟ ಧನದ ಗೌರವಾರ್ಥವಾಗಿ ಆ ಹೆಸರನ್ನಿಟ್ಟು, ದಳದ ಲಾಂಛನದಲ್ಲಿ ನಿಜಾಮನ ಶಿರೋಭೂಷಣವನ್ನು ಚಿತ್ರಿಸಿದರು. ಆಗ ರಾಯಚೂರು, ಗುಲಬರ್ಗ, ಬೀದರ ಜಿಲ್ಲೆಗಳೆಲ್ಲ ನಿಜಾಮನ ಆಳಿಕೆಗೆ ಸೇರಿದ್ದವಲ್ಲವೆ? ಜೋಳ ಬೆಳೆದ ಕನ್ನಡದ ರೈತನು ಕಟ್ಟಿದ ಕಂದಾಯವೂ ಅದೇ ಖಜಾನೆಗೆ ಸೇರುತ್ತಿದ್ದಿತು. ಚಿತ್ರದಲ್ಲಾಗಲಿ ಮುದ್ರಿಕೆಯಲ್ಲಾಗಲಿ ಆತನ ಮಾತು ಇಲ್ಲ.

ಈ ಮೌನವು ನಾಲ್ಕನೆಯ ಕೃತಿಯಲ್ಲಿ ಇನ್ನೂ ಗಾಢವಾಗುವುದು. ಅದರ ಹೆಸರು 'ವಿಜಯಕ್ಕಾಗಿ ಅಗೆಯಿರಿ'. 1939ರಿಂದ ಬ್ರಿಟನ್ನಿನಲ್ಲಿ ನಡೆದ ತರಕಾರಿ ಬೆಳೆಯುವ ಆಂದೋಲನದ ಘೋಷಣೆಯದು. ಹಡಗುಗಳನ್ನು ಶತ್ರುಗಳು ಮುಳುಗಿಸುತ್ತಿದ್ದುದರಿಂದ ಆಹಾರವನ್ನು ಮನೆಯಂಗಳದಲ್ಲಿಯೇ ಬೆಳೆಯಬೇಕಾಯಿತು. ಹುಲ್ಲುಹಾಸುಗಳನ್ನು ಅಗೆದು ಆಲೂಗೆಡ್ಡೆ, ಕೋಸು ನೆಟ್ಟರು. ಲಂಡನ್ ಕೋಟೆಯ ಅಗಳ್ತೆಯಲ್ಲಿಯೂ ಕಾಯಿಪಲ್ಲೆಯ ಪಾತಿಗಳಾದವು. ಸಂಸಾರ ಹೂಡಿದ ನಮ್ಮ ಸೋದರಿಯರು ಈ ಭಾಗವನ್ನು ಮೆಚ್ಚುವುದರಲ್ಲಿ ಸಂಶಯವಿಲ್ಲ. ನಮ್ಮ ದೇಶದಲ್ಲಿಯೂ 1943ರ ಸುಮಾರಿಗೆ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಆಂದೋಲನವು ಹೊರಟಿತು. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತುಹೋಗಿದ್ದಿತು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮವು ತಲೆದೋರಿ 20ರಿಂದ 30 ಲಕ್ಷ ಮಂದಿ ಅಸುನೀಗಿದರೆಂದು ಲೆಕ್ಕ ಹಾಕಿರುವರು. ಅದೇ ಸಾಮ್ರಾಜ್ಯದ ಒಂದು ಮೂಲೆಯಲ್ಲಿ ಹಾಡುತ್ತ ಅಗೆಯುವ ಕೈಗಳು, ಇನ್ನೊಂದು ಮೂಲೆಯಲ್ಲಿ ಗಂಜಿಗಾಗಿ ಚಾಚಿದ ಕೈಗಳು. ಚಿತ್ರದ ಕ್ಯಾಮರವು ಮೊದಲನೆಯವನ್ನು ಮಾತ್ರ ಕಂಡಿತು.

ಆದುದರಿಂದ ಇಂತಹ ಮುದ್ರಿಕೆಯು ಯುದ್ಧವನ್ನು ಹೊಗಳುವುದೇ, ಸಾಮ್ರಾಜ್ಯದ ಪ್ರಚಾರವನ್ನು ಹೊಸ ಬಟ್ಟೆಯುಡಿಸಿ ಮೆರೆಸುವುದೇ ಎಂಬ ಸಂದೇಹವು ಏಳುವುದು ಸಹಜ. ನಾವು ಹಲವು ಸಾರಿ ಕೇಳಿ ನೋಡಿದೆವು. ಕೃತಿಕಾರನು ಶತ್ರುವನ್ನು ಹಳಿಯುವ ಮಾತುಗಳನ್ನು ಎತ್ತಿಕೊಂಡಿಲ್ಲ; ಸೇನಾಪತಿಗಳ ಗರ್ಜನೆಯನ್ನು ಮುಂದಿಟ್ಟಿಲ್ಲ. ಬಾಂಬು ಬಿದ್ದ ಮರುದಿನ ಕೆಲಸಕ್ಕೆ ಹೊರಡುವವರು, ತೋಟ ಅಗೆಯುವವರು, ಇಂತಹವರ ಬಾಳನ್ನೇ ಆರಿಸಿಕೊಂಡಿರುವನು. ಅಷ್ಟರಮಟ್ಟಿಗೆ ಆತನ ಅಭಿರುಚಿಯು ಶುದ್ಧವಾದುದು. ಆದರೂ ಪ್ರಚಾರಕ್ಕೆಂದು ಆಡಿದ ಮಾತಿನಲ್ಲಿ ಪ್ರಚಾರದ ವಾಸನೆಯು ಉಳಿದೇ ಉಳಿಯುವುದು. ಇಂಗು ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೇನು? ಮಕ್ಕಳಿಗೆ ಕೇಳಿಸುವಾಗ ಹಿರಿಯರು ಪಕ್ಕದಲ್ಲಿ ಕುಳಿತು, ಈ ಮಾತನ್ನು ಯಾರು, ಯಾರಿಗಾಗಿ ಆಡಿದರೆಂಬುದನ್ನು ಹೇಳಬೇಕು.

ಇನ್ನು ನಮ್ಮ ಕಡೆಯ ಚಿತ್ರಗಳ ಗತಿಯೇನು? ಭಾರತದಲ್ಲಿಯೂ ಆಗಿನ ಸರ್ಕಾರವು 1940ರಲ್ಲಿ ಚಿತ್ರ ಸಲಹಾ ಮಂಡಲಿಯನ್ನು ರಚಿಸಿ, 1943ರಲ್ಲಿ 'ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ' ಎಂಬ ಸಂಸ್ಥೆಯನ್ನು ನಿಲ್ಲಿಸಿತು. ಬ್ರಿಟಿಷ್ ಪ್ರಾಂತಗಳ ಚಿತ್ರಮಂದಿರಗಳವರು ಪ್ರತಿ ಆಟದಲ್ಲಿಯೂ ಸರ್ಕಾರವೊಪ್ಪಿದ ಚಿತ್ರಗಳನ್ನು ತೋರಿಸಲೇಬೇಕೆಂದು ಭಾರತ ರಕ್ಷಣಾ ನಿಯಮಗಳಿಂದ ಕಟ್ಟುಮಾಡಿದರು. ನಮ್ಮ ದಾವಣಗೆರೆ ಹರಿಹರಗಳು ಮೈಸೂರು ಸಂಸ್ಥಾನದವು. ಹರಿಹರದ ಸೇತುವೆ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಮುಂಬಯಿ ಪ್ರಾಂತ. ಯುದ್ಧ ಮುಗಿದ ಬಳಿಕ, 1946ರಲ್ಲಿ, ಕೇಂದ್ರ ಶಾಸನಸಭೆಯು ಅನುದಾನವನ್ನು ಕಡಿದುಹಾಕಿದುದರಿಂದ ಆ ಸಂಸ್ಥೆಯು ಮುಚ್ಚಿಹೋಯಿತು. ಪರಿಣಾಮವೇನಾಯಿತೆಂದರೆ, 1947ರ ಆಗಸ್ಟ್ 15ರಂದು ಸ್ವಾತಂತ್ರ್ಯದ ಧ್ವಜವೇರಿದಾಗ ಅದನ್ನು ಚಿತ್ರಿಸಲು ಸರ್ಕಾರಕ್ಕೆ ತನ್ನದೇ ಆದ ಚಿತ್ರತಂಡವೇ ಇರಲಿಲ್ಲ! 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿತು. ಅದರ ಚಿತ್ರಗಳು ಮೊದಮೊದಲು ಹೊರಟದ್ದು ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗು ಈ ಐದು ಭಾಷೆಗಳಲ್ಲಿ. ಕನ್ನಡವು ಆ ಪಂಕ್ತಿಯಲ್ಲಿ ಕುಳಿತಿರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು ನಟಿಸಿದ ಆ ಚಿತ್ರದ ಪ್ರತಿಯೊಂದೂ ಇಂದು ಉಳಿದಿಲ್ಲ. 2003ರಲ್ಲಿ ಪುಣೆಯ ಚಿತ್ರಭಂಡಾರದಲ್ಲಿ ಬೆಂಕಿ ಬಿದ್ದು ದೇಶದ ಎಷ್ಟೋ ಹಳೆಯ ನೈಟ್ರೇಟ್ ಫಿಲ್ಮುಗಳು ಭಸ್ಮವಾದವು. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಗ್ರಾಮವೇ ಸ್ವತಂತ್ರವೆಂದು ಸಾರಿದರಲ್ಲವೆ. ಆ ಊರಿನ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ಯುದ್ಧಕಾಲದ ಆ ಕಂಠಗಳನ್ನು ಹಿಡಿಯಲು ಯಾವ ಸಚಿವಾಲಯವು ಧ್ವನಿವರ್ಧಕವನ್ನು ಕಳುಹಿಸೀತು? ಭಂಡಾರದಲ್ಲಿರುವುದು ಭಂಡಾರವನ್ನು ಕಟ್ಟಿದವರ ದನಿ. ಮುಂದಿನ ತಲೆಯ ಸಂಗೀತಗಾರನಿಗೆ ದೊರಕುವ ಸಾಮಗ್ರಿಯೂ ಅದೇ.

ಪ್ರಸಂಗವಶಾತ್ ಇನ್ನೊಂದು ಮಾತು. ಯುದ್ಧಕಾಲದ ಗ್ರಾಮಫೋನು ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ. ದುರ್ಯೋಧನನು ಪಾಂಡವರಿಗಾಗಿ ಮನೆ ಕಟ್ಟಿಸಿದ ಆ ಲಾಕ್ಷೆಯೇ ಇದು. ಜಗತ್ತಿಗೆಲ್ಲ ಅರಗನ್ನು ಒದಗಿಸುತ್ತಿದ್ದುದು ಬಹುಮಟ್ಟಿಗೆ ಆಗಿನ ಬಿಹಾರದ ಛೋಟಾ ನಾಗಪುರದ ಕಾಡುಗಳು. ಸಮರದ ದೆಸೆಯಿಂದ ಹಡಗುಗಳು ನಿಂತು ಅರಗಿಗೆ ಬರ ಬಂದಾಗ 1942ರಲ್ಲಿ ಅಮೆರಿಕ ಸರ್ಕಾರವು ತಟ್ಟೆಗಳಿಗೆ ಬಳಸುವ ಅರಗಿಗೆ ಮಿತಿ ಹಾಕಿತು. ಜನರಿಂದ ಹಳೆಯ ತಟ್ಟೆಗಳನ್ನು ಕೂಡಿಸಿ, ಪುಡಿಮಾಡಿ, ಹೊಸವನ್ನು ಅಚ್ಚೊತ್ತಿದರು. ಒಬ್ಬರ ಹಾಡನ್ನು ಅರೆದು ಇನ್ನೊಬ್ಬರ ಹಾಡು ಮಾಡಿದರೆನ್ನಬೇಕು.

ಮುದ್ರಿಕೆಯ ಕಡೆಯ ಕೃತಿ 'ಜಾರ್ಜನಿಗಾಗಿ ವಾಲ್ಟ್ಸ್'. ಮೂರು ಎಣಿಕೆಯ ನಿಧಾನವಾದ ನರ್ತನದ ನಡೆ. ನಮ್ಮ ತಿಶ್ರಕ್ಕೆ ಸಮೀಪ. ಜಾರ್ಜನೆಂಬಾತನು ವಿಲ್‌ಗೂಸನ ಅಜ್ಜನ ತಲೆಯ ಬಂಧು. 1940ರಲ್ಲಿ ಡನ್‌ಕರ್ಕಿನ ಸಮರದಲ್ಲಿ ಮಡಿದನು. ಮುದ್ರಿಕೆಯನ್ನು ಆತನಿಗೇ ಅರ್ಪಿಸಿರುವರು. ವಿಮಾನದ ಅಬ್ಬರವೂ ವರದಿಗಾರನ ಗಾಂಭೀರ್ಯವೂ ಕಳೆದ ಮೇಲೆ ಈ ಸರಳವಾದ ವಾದನವು ಬಂದಾಗ, ನಾಲ್ಕು ಕೃತಿಗಳವರೆಗೆ ದೇಶದ ಮಾತು ಕೇಳುತ್ತಿದ್ದವರಿಗೆ ಒಂದು ಮನೆಯ ದುಃಖವು ಕಾಣುವುದು. ಡನ್‌ಕರ್ಕಿನ ಆ ಕಡಲ ತೀರದಲ್ಲಿ ನಮ್ಮ ದೇಶದ ಯೋಧರೂ ಇದ್ದರು. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಭಾರತೀಯ ಸೇನೆಯ ದಳಗಳನ್ನು ಫ್ರಾನ್ಸಿಗೆ ಕಳುಹಿಸಿದ್ದರು. ಅವುಗಳಲ್ಲಿ ಒಂದು ಜರ್ಮನರ ಕೈಸೆರೆಯಾಯಿತು, ಉಳಿದವರು ಪ್ರಾಣಿಗಳನ್ನು ತೊರೆದು ಹಡಗೇರಿದರು. 1945ರ ವೇಳೆಗೆ ಭಾರತೀಯ ಸೇನೆಯಲ್ಲಿ 25 ಲಕ್ಷ ಮಂದಿ ಇದ್ದರು. ಅವರಲ್ಲಿ ಎಷ್ಟು ಜನರಿಗೆ ವಾಲ್ಟ್ಸ್ ಕಟ್ಟುವ ಮರಿಮಕ್ಕಳಿರುವರೋ!

ನಮ್ಮ ಊರಿನ ಯುದ್ಧಕಾಲವು ಇಷ್ಟು ದೊಡ್ಡದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳಿದ್ದವು. ಸೀಮೆಎಣ್ಣೆ ದುರ್ಲಭವಾಗಿದ್ದಿತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಈ ಸರಸ್ವತಿ ನಗರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿರುವರು. ಮುದ್ರಿಕೆಯನ್ನು ಕೇಳಿದ ಮರುವಾರ ನಮ್ಮ ಸೋದರಳಿಯನು ಅವರ ಬಳಿ ಕುಳಿತು, ತನ್ನ ಮೊಬೈಲಿನಲ್ಲಿ ಮುಕ್ಕಾಲು ಗಂಟೆಯ ಮಾತನ್ನು ತುಂಬಿಕೊಂಡು ಬಂದನು. ಹತ್ತು ವರ್ಷದ ಹುಡುಗಿಯಾಗಿ ಅಣ್ಣನೊಡನೆ ಸೀಮೆಎಣ್ಣೆಯ ಸಾಲಿನಲ್ಲಿ ಬೆಳಗಿನಿಂದ ನಿಂತುದು, ಡಬ್ಬಿ ತುಂಬುವ ಹೊತ್ತಿಗೆ ಎಣ್ಣೆ ಮುಗಿದುದು, ಆ ರಾತ್ರಿ ಹರಳೆಣ್ಣೆಯ ಹಣತೆಯಲ್ಲಿ ತಾಯಿ ರೊಟ್ಟಿ ಬಡಿದುದು ಎಲ್ಲವನ್ನೂ ಅವರು ಹೇಳಿರುವರು. ನಡುವೆ ಕುಕ್ಕರಿನ ಕೂಗು, ಬೀದಿಯ ಸೊಪ್ಪಿನವಳ ಕೂಗು ಬೆರೆತಿವೆ. "ಅವನ್ನು ಕತ್ತರಿಸಿ ತೆಗೆಯಲೇ, ಮಾವ?" ಎಂದು ಆತನು ಕೇಳಿದನು. ಹಾಗೆಯೇ ಇರಲಿ ಎಂದೆವು. ಅಜ್ಜಿಯವರು ರೊಟ್ಟಿ ಬಡಿಯುವುದನ್ನು ಹೇಳುವಾಗ ಕೈಯನ್ನು ಮಣೆಯ ಮೇಲೆ ತಟ್ಟಿ ತೋರಿಸಿದ ಸದ್ದೂ ಅದರಲ್ಲಿ ಬಿದ್ದಿದೆ. ಅದನ್ನು ಆತನು ಈಗ ಒಂದು ಗುಂಡಿಗೆ ಹೊಂದಿಸಿಕೊಂಡಿರುವನು.